ಮೊಲ, ಕಪ್ಪೆ ಮತ್ತು ಆಷಾಢ

ಮದುವೆಯಾಗಿ ಎರಡೇ ತಿಂಗಳಿಗೆ ಆಷಾಢ ಬಂದು ವಕ್ಕರಿಸಿತು. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಸಂಯುಕ್ತಾಳನ್ನು ವಿದ್ಯಾರಣ್ಯಪುರದ ತವರಿಗೆ ಕಳಿಸಿದರು. ಗಂಡ ಜಗನ್ ಯಲಹಂಕದಲ್ಲೇ ಉಳಿದ. ಆದರೆ ಶಾಸ್ತ್ರಕ್ಕೆ ಗೊತ್ತಿಲ್ಲದ ಕಿಂಡಿಯೊಂದಿತ್ತು: ವಿಡಿಯೋ ಗೇಮ್. ಸಂಜೆ ಏಳಕ್ಕೆ ಇಬ್ಬರೂ ಅವರವರ ಮನೆಯ ಟೀವಿ ಮುಂದೆ ಕೂತು, ಆನ್‌ಲೈನ್‌ನಲ್ಲಿ ಒಂದೇ ಆಟದೊಳಗೆ ಸೇರುತ್ತಿದ್ದರು. ಅವಳು ಮೊಲ, ಅವನು ಕಪ್ಪೆ.

ಎಂಥ ಆಟ ಅದು! ಒಂದು ಹಂತ ಇದ್ದಂತೆ ಇನ್ನೊಂದಿಲ್ಲ. ಇವತ್ತು ಅಣಬೆಗಳ ಮೇಲೆ ಪುಟಿಯಬೇಕು, ನಾಳೆ ತೇಲುವ ದೋಣಿಗಳ ಮೇಲೆ ಓಡಬೇಕು, ನಾಡಿದ್ದು ತಲೆಕೆಳಗಾಗಿ ನಡೆಯಬೇಕು. ಕಷ್ಟವೇನೋ ಇತ್ತು, ಅಳು ಬರಿಸುವಷ್ಟಲ್ಲ. ಬಿದ್ದವರು ಗುಳ್ಳೆಯೊಳಗೆ ಕೂತು ಜೊತೆಗಾರರ ಹತ್ತಿರಕ್ಕೆ ತೇಲಿ ಬಂದುಬಿಡಬಹುದು. ಕಪ್ಪೆ ದಿನಕ್ಕೆ ಇಪ್ಪತ್ತು ಸಲ ಬೀಳುತ್ತಿತ್ತು. ಮೊಲ ಅಂಚಿನಲ್ಲಿ ನಿಂತು ಕಾಯುತ್ತಿತ್ತು.

"ಹೊಸ ಹಂತ ಮಾತ್ರ ಒಟ್ಟಿಗೇ ನೋಡ್ಬೇಕು. ಒಬ್ರೇ ಕದ್ದು ಹೋಗೋ ಹಾಗಿಲ್ಲ," ಎಂದು ಅವಳು ಕರಾರು ಮಾಡಿದ್ದಳು.

"ನಿನ್ನಾಣೆ," ಎಂದಿದ್ದ ಮಹಾರಾಯ.

ಗುರುವಾರ ಅವಳು ಅರ್ಧ ಗಂಟೆ ಮೊದಲೇ ಅವನ ಆಟಕ್ಕೆ ಸೇರಿಕೊಂಡಳು. ನೋಡಿದರೆ, ಅವಳು ಇನ್ನೂ ಕಾಣದ ಹಿಮದ ಬೆಟ್ಟ! ಕಪ್ಪೆ ಜುಮ್ಮೆಂದು ಜಾರುತ್ತಿತ್ತು. ಅದರ ತಲೆಯ ಮೇಲೆ ಹಳದಿ ಬಾತುಕೋಳಿಯೊಂದು ಆರಾಮಾಗಿ ಕೂತಿತ್ತು. ಬಾತುಕೋಳಿಯ ಮೇಲೆ ಹೆಸರು ಬರೆದಿತ್ತು, ಮಾಲಾ.

ಆರ್.ಟಿ. ನಗರದ ಮಾಲಾ ಜಗನ್‌ನ ಸೋದರತ್ತೆಯ ಮಗಳು. ಒಂದು ಕಾಲಕ್ಕೆ ಅವನಿಗೇ ಎಂದು ಮನೆಯವರೆಲ್ಲ ಮಾತಾಡಿಕೊಂಡಿದ್ದ ಹುಡುಗಿ. ಸಂಯುಕ್ತಾಳ ಹೊಟ್ಟೆಗೆ ಬೆಂಕಿ ಬಿತ್ತು. ಟೀವಿ ಆರಿಸಿದಳು. ಫೋನ್ ಹೊಡೆದುಕೊಂಡರೂ ಎತ್ತಲಿಲ್ಲ. ಆ ಬಾತುಕೋಳಿ ಒಂದು ಸಲವೂ ಬೀಳಲಿಲ್ಲವಲ್ಲ ಎಂಬುದೇ ಅವಳನ್ನು ಹೆಚ್ಚು ಉರಿಸಿತು.

ಬೆಳಿಗ್ಗೆ ಬಸ್ ಹತ್ತಿ ಯಲಹಂಕಕ್ಕೆ ಬಂದೇಬಿಟ್ಟಳು. ಕೋಪ ಎಷ್ಟಿದ್ದರೂ ಶಾಸ್ತ್ರ ಮೀರದೆ ಗೇಟಿನ ಹೊರಗೇ ನಿಂತಳು.

ಕಿಟಕಿಯಿಂದ ಅತ್ತೆ ರಾಧಾಮಣಿ ಕೂಗಿದರು: "ಅಯ್ಯೋ, ಒಳಗ್ ಬರ್ಬೇಡ ಕಣಮ್ಮಾ, ಆಷಾಢ! ಕಾಫಿ ಅಲ್ಲಿಗೇ ಕಳಿಸ್ತೀನಿ."

"ಕಾಫಿ ಬೇಡ ಅತ್ತೆ, ನಿಮ್ ಮಗನ್ನ ಕಳಿಸಿ."

ಜಗನ್ ಓಡಿಬಂದ. ಹದಿನೆಂಟು ದಿನದ ಮೇಲೆ ಅವನ ಮುಖ ನೋಡಿ ಅವಳಿಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಬಾತುಕೋಳಿನ ತಲೆ ಮೇಲೆ ಕೂರಿಸ್ಕೊಂಡಿದ್ರಲ್ಲ, ಕತ್ತು ನೋಯ್ಲಿಲ್ವಾ?"

ಬರುತ್ತಿದ್ದ ನಗುವನ್ನು ಅವನು ನುಂಗಿಕೊಂಡ. "ಅವಳ ಹತ್ರ ಆಟ ಕಲೀತಿದ್ದೆ ಕಣೇ. ದಿನಾ ನಾನು ಬೀಳೋದು, ನೀನು ಕಾಯೋದು. ಸಾಕಾಗಿರುತ್ತೆ ನಿಂಗೆ ಅನ್ಕೊಂಡೆ."

"ಸಾಕಾಯ್ತು ಅಂತ ನಾನು ಹೇಳಿದ್ನಾ?" ಅವಳ ಕಣ್ಣು ತುಂಬಿತು. "ನೀವು ಬಿದ್ರೆ ನನ್ನ ಹತ್ರಾನೇ ತೇಲ್ಕೊಂಡು ಬರ್ತೀರಲ್ಲ, ಈ ತಿಂಗಳಲ್ಲಿ ನಂಗೆ ಉಳಿದಿರೋದು ಅದೊಂದೇ ಕಣ್ರೀ. ಅದನ್ನೂ ಅವಳಿಗೆ ಕೊಟ್ಬಿಟ್ರಿ."

ಜಗನ್ ಗೇಟು ತೆಗೆದು ಹೊರಗೆ ಬಂದು ಅವಳ ಕೈ ಹಿಡಿದ. "ತಪ್ಪಾಯ್ತು. ಆಣೆ ಮುರಿದೆ. ಇನ್ ಮೇಲೆ ಬಿದ್ರೂ ಎದ್ರೂ ನಿನ್ ಜೊತೇನೇ."

"ಮಾಲಾಗೆ ಏನಂತೀರಾ?"

"ನನ್ ಹೆಂಡ್ತಿಗೆ ಹೊಟ್ಟೆಕಿಚ್ಚು ಅಂತೀನಿ."

"ಅನ್ನಿ. ಇದೆ. ಅದಕ್ಕೇನೀಗ?"

ಅವಳನ್ನು ಕಳಿಸಲು ಬಸ್ ಸ್ಟಾಪಿನವರೆಗೆ ಅವನೂ ನಡೆದ. ಮೊದಲ ಬಸ್ಸು ತುಂಬಿತ್ತು, ಬಿಟ್ಟರು. ಎರಡನೆಯದು ಖಾಲಿಯಿತ್ತು, ಅದನ್ನೂ ಬಿಟ್ಟರು. ಮೂರನೆಯದರ ಕಂಡಕ್ಟರ್ ಬಾಗಿಲಲ್ಲೇ ನಿಂತು, "ಹತ್ತೀರೇನಮ್ಮಾ, ಇಲ್ವಾ?" ಎಂದು ರೇಗಿದ.

"ನೀವ್ ಹೋಗಿ ಸಾರ್," ಎಂದಳು ಸಂಯುಕ್ತಾ, ಜಗನ್‌ನ ಕೈ ಬಿಡದೆ.