ಡ್ರಾಯರಿನಲ್ಲಿ ಉಳಿದ ಐದು ಕಾಯಿಲ್

ಸೀಮೆಎಣ್ಣೆ, ಅದರ ಬೆನ್ನಿಗೇ ನಿಂಬೆ ಸೋಪು. ಅವಳು ಚಿಕ್ಕವಳಿದ್ದಾಗ ಸಂಜೆಯೆಂದರೆ ಈ ಎರಡು ವಾಸನೆ. ಗ್ಯಾರೇಜು ಮುಚ್ಚಿ ಬಂದ ಅಪ್ಪ ಹಿತ್ತಿಲ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮೊದಲು ಸೀಮೆಎಣ್ಣೆಯಲ್ಲಿ ಗ್ರೀಸು ಬಿಡಿಸಿ, ಆಮೇಲೆ ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕುತ್ತಿದ್ದರು. ಒಳಗೆ ಪುಸ್ತಕ ಹಿಡಿದು ಕೂತವಳಿಗೆ ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಪುಸ್ತಕ ಮಗುಚಿ ಓಡುತ್ತಿದ್ದಳು.

ಈಗ ನಲವತ್ತೆರಡರ ಅವಳ ಕೈಗೂ ಅದೇ ವಾಸನೆ. ಅದೇ ನಲ್ಲಿ, ಅದೇ ಸೋಪು. ಬಂದಳು ಎಂದು ಎದ್ದು ಬರುವವರು ಮಾತ್ರ ಯಾರೂ ಇರಲಿಲ್ಲ.

ಅಪ್ಪ ಹೋದ ಮೇಲೆ ಗ್ಯಾರೇಜು ಅವಳಿಗೆ ಬಂತು. ಗ್ಯಾರೇಜಿನ ಜೊತೆಗೆ ಚಿಕ್ಕಪ್ಪನೂ ಬಂದರು. ಹಗಲೆಲ್ಲ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬಂದವರನ್ನು ಮಾತಾಡಿಸಿ, ಸಂಜೆ ಮಗನ ಮನೆಗೆ ಹೋಗುವುದು ಅವರ ಉದ್ಯೋಗ. ಕಿವಿ ಮಂದವಾಗಿ ಆರೇಳು ವರ್ಷವಾಗಿತ್ತು. ಪ್ರಶ್ನೆಯೆಲ್ಲ ಅವರೇ ಕೇಳುತ್ತಿದ್ದರು, ಉತ್ತರ ಮಾತ್ರ ಅವರಿಗೆ ಮುಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಾಢ ಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರೊಂದು ಬಿಕ್ಕುತ್ತ ಬಿಕ್ಕುತ್ತ ಬಂದು ನಿಂತಿತು. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಅದರೊಳಗಿಂದ ಎತ್ತರದ ಮನುಷ್ಯನೊಬ್ಬ ಮೊದಲು ಒಂದು ಕಾಲು, ಆಮೇಲೆ ಒಂದು ಕೈ, ಆಮೇಲೆ ಉಳಿದದ್ದು ಎಂಬಂತೆ ಕಂತುಕಂತಾಗಿ ಹೊರಬಂದ.

"ಸೋದರಮಾವ ಬಿಟ್ಟುಹೋದ ಕಾರು," ಅಂದ ಸಂಕೋಚದಿಂದ. "ಅವರು ನನಗಿಂತ ಒಂದಡಿ ಕುಳ್ಳು."

ಅವಳು ನಗು ನುಂಗಿಕೊಂಡಳು. "ಏನಾಗ್ತಿದೆ ಸರ್?"

"ಇಂಜಿನ್ ದೀಪ ಮಿಣುಕ್ತಿದೆ. ಸದ್ದೂ ಸರಿಯಿಲ್ಲ. ಆರು ಏಟು ಬೀಳೋ ಕಡೆ ಐದೇ ಬೀಳ್ತಿದೆ."

"ಎಣಿಸಿದ್ರಾ?"

"ಕೇಳೋದೇ ನನ್ನ ಕೆಲಸ ಮೇಡಂ. ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡ್ತೀನಿ. ದಿನವಿಡೀ ಸದ್ದೇ ಬರದ ರೂಮಲ್ಲಿ ಕೂತಿರ್ತೀನಿ."

ಅಷ್ಟರಲ್ಲಿ ಚಿಕ್ಕಪ್ಪ ಕುರ್ಚಿಯಿಂದಲೇ, "ಮೈಲೇಜ್ ಎಷ್ಟು ಕೊಡುತ್ತೆ ಸ್ವಾಮಿ?" ಎಂದು ಕೂಗಿದರು. ಬಂದವರು ಸಾಮಾನ್ಯವಾಗಿ ಒಂದು ಸಲ ಕಿರುಚಿ, ಎರಡನೇ ಸಲ ಕೈಸನ್ನೆ ಮಾಡಿ, ಮೂರನೇ ಸಲಕ್ಕೆ ಸುಮ್ಮನಾಗುತ್ತಿದ್ದರು. ಈತ ಕುರ್ಚಿಯ ಮುಂದೆ ಮಂಡಿಯೂರಿ ಕೂತ. ಮುಖ ಬೆಳಕಿಗೆ ಬರುವಂತೆ ಸ್ವಲ್ಪ ತಿರುಗಿದ. ದನಿ ಏರಿಸದೆ, ಪ್ರತಿ ಮಾತೂ ತುಟಿಯ ಮೇಲೆ ಕಾಣುವಂತೆ ಹೇಳಿದ.

"ತೀರಾ ಕಡಿಮೆ ಯಜಮಾನ್ರೇ. ಪೆಟ್ರೋಲೂ ಕುಡಿಯುತ್ತೆ, ನನ್ನ ಸೊಂಟಾನೂ ಮುರಿಯುತ್ತೆ."

ಚಿಕ್ಕಪ್ಪ ಗಹಗಹಿಸಿ ನಕ್ಕರು. ಬಾನೆಟ್ ಎತ್ತುತ್ತಿದ್ದವಳ ಕೈ ಅಲ್ಲೇ ನಿಂತಿತು. ಅವರಿಗೆ ಯಾರಾದರೂ ಒಂದು ಪೂರ್ತಿ ವಾಕ್ಯ ಮುಟ್ಟಿಸಿದ್ದನ್ನು ಅವಳು ನೋಡಿ ಬಹಳ ದಿನವಾಗಿತ್ತು.

ಇಂಜಿನ್ ಮೇಲಿನ ಮುಚ್ಚಳ ತೆಗೆದು ಅವಳು ತೋರಿಸಿದಳು. ಸಾಲಾಗಿ ಆರು ಕಪ್ಪು ತಲೆಗಳು. "ಇವು ಕಾಯಿಲ್. ಒಂದೊಂದು ಸಿಲಿಂಡರಿಗೆ ಒಂದೊಂದು. ಕಿಡಿ ಹುಟ್ಟಿಸೋದು ಇವೇ. ಮೂರನೇದರ ಮೇಲೆ ಅನುಮಾನ." ಮೂರನೆಯದನ್ನು ಕಿತ್ತು ಐದನೆಯದರ ಜಾಗದಲ್ಲಿ, ಐದನೆಯದನ್ನು ಮೂರನೆಯದರಲ್ಲಿ ಕೂರಿಸಿದಳು. ದೋಷ ತೋರಿಸುವ ಯಂತ್ರ ಜೋಡಿಸಿ ನೋಡಿದರೆ ತಪ್ಪುತ್ತಿದ್ದ ಏಟು ಕಾಯಿಲ್ ಜೊತೆಗೇ ಐದನೇ ಸಿಲಿಂಡರಿಗೆ ಹೋಗಿತ್ತು.

"ಕಳ್ಳ ಮನೆ ಬದಲಾಯಿಸಿದ," ಅಂದ ಅವನು.

"ಸಿಕ್ಕಿಬಿದ್ದ," ಅಂದಳು ಅವಳು.

ಇಬ್ಬರೂ ಒಟ್ಟಿಗೇ ಇಂಜಿನ್ ಮೇಲೆ ಬಗ್ಗಿದ್ದರು. ತಲೆ ಎತ್ತಿದಾಗ ಅವನ ಕಣ್ಣು ಅವಳಿಗೆ ತೀರಾ ಹತ್ತಿರದಲ್ಲಿತ್ತು. ಅವನೇ ಮೊದಲು ನೋಟ ತೆಗೆದು ಆರು ಕಾಯಿಲ್‌ಗಳನ್ನು ಹೊಸದಾಗಿ ನೋಡುವವನಂತೆ ನೋಡಿದ.

ಹಳೆಯ ಕಾರಿನಲ್ಲಿ ಒಂದು ಕಾಯಿಲ್ ಸುಟ್ಟರೆ ಅಪ್ಪ ಆರನ್ನೂ ಅದೇ ದಿನ ಬದಲಾಯಿಸುತ್ತಿದ್ದರು. ಉಳಿದ ಐದೂ ಅಷ್ಟೇ ವಯಸ್ಸಿನವು, ಇವತ್ತಲ್ಲ ನಾಳೆ ಕೈಕೊಡುವಂಥವೇ. ಅವಳೂ ಅದೇ ರೂಢಿಯಲ್ಲಿ ಆರರ ಸೆಟ್ಟನ್ನೇ ತರಿಸಿದ್ದಳು. ಸುಟ್ಟದ್ದರ ಜಾಗದಲ್ಲಿ ಮೊದಲ ಹೊಸದನ್ನು ಕೂರಿಸುತ್ತಿದ್ದಾಗ ಅವನು ಸುಮ್ಮನೆ ಸೌಜನ್ಯಕ್ಕೆಂದು ಒಂದು ಮಾತು ಆಡಿದ.

"ಇದಾದ್ರೆ ಇನ್ನು ವರ್ಷಗಟ್ಟಲೆ ನಿಮಗೆ ತೊಂದರೆ ಕೊಡಲ್ಲ ನಾನು."

ಅವಳ ಕೈ ಎರಡನೇ ಕಾಯಿಲ್‌ಗೆಂದು ಚಾಚಿದ್ದು ವಾಪಸು ಬಂತು. "ಆಯ್ತು ಸರ್. ಇದೊಂದೇ ಹೋಗಿದ್ದು," ಎಂದು ಅವಳ ಬಾಯಿ ಹೇಳಿತು. ಉಳಿದ ಐದು ಡ್ರಾಯರಿಗೆ, ಒರೆಸುವ ಬಟ್ಟೆಗಳ ಕೆಳಗೆ ಹೋದವು.

ಐದು ವಾರಕ್ಕೆ ಅವನು ಮತ್ತೆ ಬಂದ. ಈ ಸಲ ಹೋಗಿದ್ದು ಒಂದನೇ ಸಿಲಿಂಡರಿನದು. ಹಳೆಯ ಕಾಯಿಲ್ ಗುಳಿಯೊಳಗೆ ಅಂಟಿಕೊಂಡು ಏಳುತ್ತಲೇ ಇರಲಿಲ್ಲ.

"ಜೋರಾಗಿ ಎಳೀಬಾರ್ದಾ?"

"ಎಳೆದ್ರೆ ರಬ್ಬರು ಒಳಗೇ ಹರಿದು ಕೂರುತ್ತೆ. ಸ್ವಲ್ಪ ಸ್ವಲ್ಪ ತಿರುಗಿಸ್ತಾ ರಮಿಸಬೇಕು."

ಅವನು ಟಾರ್ಚ್ ಹಿಡಿದ. ಅವಳ ಕೈಯ ನೆರಳು ಅವಳ ಕೆಲಸದ ಮೇಲೆ ಬೀಳದಂತೆ, ಕೈ ಹೋದ ಕಡೆ ಬೆಳಕನ್ನೂ ಸರಿಸುತ್ತ ಹಿಡಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸ ಹತ್ತು ನಿಮಿಷದ್ದು. ಅವಳು ಅರ್ಧ ಗಂಟೆ ಮಾಡಿದಳು.

"ಮನೇಲಿ ಯಾರ್ಯಾರು?" ಚಿಕ್ಕಪ್ಪನ ಪ್ರಶ್ನೆ ಬಂತು.

ಅವನು ಮುಖ ಅವರತ್ತ ತಿರುಗಿಸಿ ಹೇಳಿದ: "ನಾನು, ಒಂದು ರೇಡಿಯೋ."

"ಜಗಳವಿಲ್ಲದ ಸಂಸಾರ," ಅಂದರು ಚಿಕ್ಕಪ್ಪ. ಅವಳು ಬಾನೆಟ್ ಒಳಗೇ ಮುಖವಿಟ್ಟು ನಕ್ಕಳು.

ಅದೇ ವಾರ ಅವನು ಚಿಕ್ಕಪ್ಪನನ್ನು ಆಸ್ಪತ್ರೆಗೆ ಕರೆದೊಯ್ದು, ಕಿವಿ ಪರೀಕ್ಷಿಸಿ, ಹೊಂದುವ ಕಿವಿಯಂತ್ರ ಕೊಡಿಸಿದ. ವಾಪಸು ಬಂದ ಚಿಕ್ಕಪ್ಪ ಬಾಗಿಲ ಹೊರಗೆ ನಿಂತು ಅವಳಿಂದ ಮೂರು ಸಲ ಸ್ಪ್ಯಾನರ್ ಕೆಳಗಿಡಿಸಿ ಆ ಸದ್ದು ಕೇಳಿದರು. "ಕಿವಿ ಮೇಷ್ಟ್ರು ಒಳ್ಳೆ ಮನುಷ್ಯ ಕಣಮ್ಮ," ಅಂದು ಕಣ್ಣೊರೆಸಿಕೊಂಡರು.

ಮೂರನೇ ಸಲ ಅವನು ಬಂದಾಗ ಸುಸ್ತಾಗಿದ್ದ. ಹಿಂದಿನ ದಿನ ನದಿಯ ಸೇತುವೆಯ ಮೇಲೆ ಕಾರು ನಿಂತೇಹೋಗಿ, ಹಿಂದಿನ ಲಾರಿಗಳವರಿಂದ ಮುಕ್ಕಾಲು ಗಂಟೆ ಬೈಗುಳ ತಿಂದಿದ್ದ. ಅವಳ ಕೈ ಡ್ರಾಯರಿನ ಬಟ್ಟೆಗಳ ಕೆಳಗೆ ಹೋಯಿತು. ಆದರೂ ಒಂದನ್ನೇ ತೆಗೆದಳು. "ಇದೊಂದು ಹಾಕಿದ್ರೆ ಸರಿಹೋಗುತ್ತೆ," ಅಂದಳು.

ಹಸಿರು ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಚಿಕ್ಕಪ್ಪ ಅದನ್ನೇ ನೋಡುತ್ತಿದ್ದರು.

"ಇಷ್ಟು ದಿನ ನೀನು ಗಿರಾಕಿಗಳಿಗೆ ಏನು ಹೇಳ್ತಿದ್ದೆ ಅಂತ ನನಗೆ ಕೇಳಿಸ್ತಾ ಇರ್ಲಿಲ್ಲ," ಅಂದರು. "ಅಣ್ಣ ಇದ್ದಿದ್ರೆ ಆರನ್ನೂ ಒಂದೇ ದಿನ ಹಾಕ್ತಿದ್ದ. ಡ್ರಾಯರಲ್ಲಿ ಮೂರು ಹಾಗೇ ಇವೆ."

"ಮುಂದಿನ ಸಲ ಹಾಕ್ತೀನಿ ಚಿಕ್ಕಪ್ಪ."

"ಯಾಕೆ ಹಾಕಿಲ್ಲ ಅಂತ ಕೇಳಲ್ಲ. ವಯಸ್ಸಾಗಿರಬಹುದು, ಕಣ್ಣು ಚೆನ್ನಾಗೇ ಇದೆ ನನಗೆ."

ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಹೇಳಿದರೆ ಅವನು ಮುಖ ನೋಡುವುದಿಲ್ಲ. ಹೇಳದಿದ್ದರೆ ತನಗೆ ತನ್ನ ಮುಖ ನೋಡಿಕೊಳ್ಳಲು ಆಗುವುದಿಲ್ಲ. ರಸ್ತೆಯಲ್ಲಿ ಯಾವ ಕಾರು ಬಿಕ್ಕಿದರೂ ಬಾಗಿಲಿಗೆ ಬರುತ್ತಿದ್ದಳು. ಬೇರೆ ಯಾರದೋ ಆಗಿರುತ್ತಿತ್ತು.

ಹದಿನೆಂಟನೇ ದಿನ ಬೆಳಗ್ಗೆ ಅವನು ಬಂದ. ಕಾರು ಬಿಕ್ಕುತ್ತಿರಲಿಲ್ಲ.

"ಘಟ್ಟದ ಆಚೆ ಶಾಲೆಗಳಲ್ಲಿ ಮಕ್ಕಳ ಕಿವಿ ಪರೀಕ್ಷೆ ಇದೆ. ಒಂದು ವಾರದ ಕೆಲಸ. ಆಸ್ಪತ್ರೆ ವ್ಯಾನ್ ಕೆಟ್ಟಿದೆ, ಇದರಲ್ಲೇ ಹೋಗ್ತಿದ್ದೀನಿ. ಮಧ್ಯಾಹ್ನ ಎರಡಕ್ಕೆ ಹೊರಡ್ಬೇಕು. ಘಟ್ಟ ಹತ್ತುತ್ತಲ್ವಾ ಇದು? ನೀವು ಹೂಂ ಅಂದ್ರೆ ಸಾಕು, ಧೈರ್ಯವಾಗಿ ಹೋಗ್ತೀನಿ."

ಕಡಿದಾದ ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ನಡುವೆ ನಿಂತುಹೋದ ಕಾರು. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು.

"ಹೂಂ ಅನ್ನಲ್ಲ," ಅಂದಳು. "ಇದರಲ್ಲಿ ಇನ್ನೂ ಮೂರು ಹಳೇ ಕಾಯಿಲ್ ಇವೆ. ಮೊದಲನೇ ದಿನವೇ ಆರನ್ನೂ ಬದಲಾಯಿಸಬೇಕಿತ್ತು. ನನಗೆ ಗೊತ್ತಿತ್ತು. ಹೊಸವು ಡ್ರಾಯರಲ್ಲೇ ಇದ್ವು."

ಅವನಿಗೆ ಅರ್ಥವಾಗಲಿಲ್ಲ. "ಮತ್ತೆ ಯಾಕೆ..."

"ಆರೂ ಹಾಕಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ."

ಅವನು ಕಾರಿನ ಕಡೆ ತಿರುಗಿ ನೋಡಿದ.

"ಸೇತುವೆ ಮೇಲೆ ನಿಂತ ದಿನ," ಅಂದ ಅವನು, "ನನ್ನ ರೂಮಿನ ಹೊರಗೆ ಒಂದು ಮಗು ಕಾಯ್ತಾ ಇತ್ತು. ಮನೆಯವರು ಎರಡು ಬಸ್ಸು ಹತ್ತಿಸಿ ಕರ್ಕೊಂಡು ಬಂದಿದ್ರು. ಕಾದು ಕಾದು ವಾಪಸ್ ಹೋದ್ರು."

ಕ್ಷಮಿಸಿ ಅನ್ನಬೇಕೆಂದುಕೊಂಡಳು. ಅದು ತೀರಾ ಚಿಕ್ಕ ಮಾತು ಅನ್ನಿಸಿತು. ಅವನು ಕಾರಿನ ಕೀಲಿಯನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟು ನಡೆದುಕೊಂಡೇ ಹೊರಟುಹೋದ.

ಚಿಕ್ಕಪ್ಪ ನಿಧಾನವಾಗಿ ಎರಡೂ ಕಿವಿಯ ಯಂತ್ರ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರು. ರಸ್ತೆಯ ಕಡೆ ಮುಖ ಮಾಡಿ ಕೂತು ಕಣ್ಣು ಮುಚ್ಚಿಕೊಂಡರು. ಅವಳಿಗೆ ಅತ್ತುಕೊಳ್ಳಲು ಅವರು ಕೊಡಬಹುದಾಗಿದ್ದ ಜಾಗ ಅಷ್ಟೇ. ಅವಳು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಬಾನೆಟ್ ಎತ್ತಿದಳು.

ಮೂರೂ ಹಳೆಯವನ್ನು ರಮಿಸಿ ರಮಿಸಿ ಎಬ್ಬಿಸಿದಳು. ಗುಳಿಗಳಿಗೆ ಗಾಳಿ ಊದಿ ಧೂಳು ತೆಗೆದಳು. ಆರೂ ಸ್ಪಾರ್ಕ್ ಪ್ಲಗ್ ಹೊಸದು ಹಾಕಿದಳು. ರಬ್ಬರಿನ ಬಾಯಿಗೆ ಚೂರು ಗ್ರೀಸು ಸವರಿ ಕಾಯಿಲ್‌ಗಳನ್ನು ಇಳಿಸಿ, ವೈರಿನ ಹಿಡಿಗಳು ಟಕ್ಕೆಂದು ಕೂರುವವರೆಗೆ ಒತ್ತಿದಳು. ಕೀಲಿ ತಿರುಗಿಸಿದರೆ ಇಂಜಿನ್ ಸಣ್ಣ ಮಕ್ಕಳ ನಿದ್ದೆಯಷ್ಟು ಸಮನಾಗಿ ಉಸಿರಾಡಿತು. ಇಷ್ಟು ಚೆಂದದ ಸದ್ದು ಅವಳ ಕೈಯಿಂದ ಹಿಂದೆ ಬಂದಿರಲಿಲ್ಲ. ಇದೇ ಸದ್ದು ಅವನನ್ನು ದೂರ ಕರೆದೊಯ್ಯುತ್ತದೆ, ಇನ್ನು ಯಾವತ್ತೂ ಇಲ್ಲಿಗೆ ತಂದು ಬಿಡುವುದಿಲ್ಲ. ಅವಳು ಬಹಳ ಹೊತ್ತು ಅದನ್ನು ಕೇಳುತ್ತ ನಿಂತಿದ್ದು, ಆರಿಸಿದಳು.

ಎರಡಕ್ಕೆ ಐದು ನಿಮಿಷವಿದ್ದಾಗ ಅವನು ಬಂದ. ಹೆಗಲಿಗೊಂದು ಚೀಲ. ಕಾರಿನೊಳಗೆ ಮಡಚಿಕೊಂಡು ಕೂತು ಇಂಜಿನ್ ಹಚ್ಚಿದ. ಕಣ್ಣು ಮುಚ್ಚಿ ಕೇಳಿದ. ಅವಳು ಕಿಟಕಿಯಿಂದ ಎರಡು ಹೆಜ್ಜೆ ದೂರ ನಿಂತು ಆ ಮುಚ್ಚಿದ ರೆಪ್ಪೆಗಳನ್ನು, ಕೆನ್ನೆಯ ಮೇಲೆ ಕ್ಷೌರ ತಪ್ಪಿದ ಸಣ್ಣ ಜಾಗವನ್ನು ಕೊನೆಯ ಸಲಕ್ಕೆಂದು ನೋಡಿಕೊಂಡಳು.

"ಆರೂ ಬೀಳ್ತಿವೆ," ಅಂದ.

"ಬೀಳ್ತಾನೇ ಇರ್ತವೆ. ಘಟ್ಟ ಹತ್ತುತ್ತೆ, ಭಯ ಬೇಡ. ಬಹಳ ವರ್ಷ ಈ ಕಡೆ ಬರೋ ಕೆಲಸ ಇಲ್ಲ ನಿಮಗೆ."

ಅವನು ಸ್ಟೇರಿಂಗ್ ಮೇಲೆ ಬೆರಳಾಡಿಸಿದ. "ಬೆಳಗ್ಗೆ ನಿಮ್ಮ ಮೇಲೆ ಕೋಪ ಬಂತು. ಇನ್ನೂ ಸ್ವಲ್ಪ ಇದೆ. ಆದರೆ ನಡೀತಾ ನಡೀತಾ ಒಂದು ವಿಷಯ ನೆನಪಾಯ್ತು. ಸೇತುವೆ ಮೇಲೆ ನಿಂತಾಗ, ಅಷ್ಟು ಜನ ಬೈತಿದ್ದಾಗ, ಸರಿ ಬಿಡು, ನಾಳೆ ಗ್ಯಾರೇಜಿಗೆ ಹೋಗಬಹುದು ಅಂತ ಖುಷಿಯಾಗಿತ್ತು ನನಗೆ. ಆ ಮಗು ಕಾಯ್ತಿರೋದು ಗೊತ್ತಿದ್ದೂ. ಇದನ್ನ ಯಾರಿಗೆ ಹೇಳ್ಲಿ?"

ಅವಳು ಕಿಟಕಿಗೆ ಒಂದು ಹೆಜ್ಜೆ ಹತ್ತಿರ ಬಂದಳು.

"ಆ ಮಗು ಇರೋದು ಘಟ್ಟದ ಆಚೆನೇ. ಮೊದಲು ಅವರ ಮನೆಗೇ ಹೋಗ್ತೀನಿ." ಅವನು ಚೀಲವನ್ನು ಪಕ್ಕದ ಸೀಟಿಗೆ ಸರಿಸಿದ. "ಶನಿವಾರ ವಾಪಸ್ ಬರೋದು. ಕಾರಿಗೆ ಏನೂ ಆಗದಿದ್ರೂ ಇಲ್ಲಿಗೆ ಬರಬಹುದಾ?"

ಅವಳು ಕೈಯೊರೆಸಿಕೊಂಡಳು. ಸರಸರನೆ ಒಳಗೆ ಹೋದಳು. ಅವನು ಇಂಜಿನ್ ಆರಿಸದೆ ಕಾದ. ಅವಳು ಮಧ್ಯಾಹ್ನ ಮುಟ್ಟದೆಯೇ ಬಿಟ್ಟಿದ್ದ ತನ್ನ ಊಟದ ಡಬ್ಬಿ ತಂದಳು. ಮುಚ್ಚಳ ಭದ್ರವಾಗಿದೆಯೇ ಎಂದು ಒಮ್ಮೆ ಒತ್ತಿ ನೋಡಿ, ಕಿಟಕಿಯೊಳಗೆ ಕೈಚಾಚಿ ಅವನ ಕೈಗೆ ಕೊಟ್ಟಳು. "ಶನಿವಾರ ಡಬ್ಬಿ ವಾಪಸ್ ತನ್ನಿ," ಅಂದಳು.