ಗಡಿಯಾರ ಕಂಬದ ಗಂಟು

ಮಾರ್ಚ್ ನಾಲ್ಕು, ಸೋಮವಾರ, ಬೆಳಿಗ್ಗೆ 9.40. ಠಾಣೆಗೆ ಬಂದ ದೂರು ಎಂಟೇ ಸಾಲಿನದು. ಬರೆದುಕೊಟ್ಟವಳು ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುವ ನರ್ಸಮ್ಮ.

ಹಿಂದಿನ ದಿನ ಬೆಳಿಗ್ಗೆ ಒಂದು ಮನೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿ ಹೊರಗೆ ಬಂದರೆ, ಗೋಡೆಗೆ ಒರಗಿಸಿದ್ದ ಸೈಕಲ್ ಇರಲಿಲ್ಲ. ಮುಂದಿನ ಮನೆಗೆ ನಡೆದೇ ಹೋದಳು. ಮುಕ್ಕಾಲು ಗಂಟೆ ತಡವಾಯಿತು. ಇಂಜೆಕ್ಷನ್ ಆಗದೆ ತಿಂಡಿ ಮುಟ್ಟಬಾರದೆಂದು ಖಾಲಿ ಹೊಟ್ಟೆಯಲ್ಲಿ ಕಾದಿದ್ದ ಸಕ್ಕರೆ ಕಾಯಿಲೆಯ ಅಜ್ಜಿ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿತ್ತು.

"ಸೈಕಲ್ ಹೋದ್ರೆ ಹೋಗ್ಲಿ ಸರ್," ನರ್ಸಮ್ಮ ಅಂದಳು. "ಆ ಅಜ್ಜಿ ನನ್ನ ದಾರಿ ನೋಡ್ತಾ ಬಾಗಿಲಲ್ಲೇ ಕೂತಿತ್ತಂತೆ."

ಇನ್ಸ್‌ಪೆಕ್ಟರ್ ಎಫ್‌ಐಆರ್ ಮಾಡಿಸಿದರು. ಮೀಸೆ ತೀಡುತ್ತ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಗಂಟಲು ಸರಿಮಾಡಿಕೊಂಡ. "ಒಂದು ವಾರದಲ್ಲಿ ಸಿಗತ್ತೆ ಸರ್. ಸರ್ವಿಸ್ ಆಗಿ, ಎಣ್ಣೆ ಹಾಕಿಸ್ಕೊಂಡು, ಹೊಸ ಮದುಮಗಳ ಹಾಗೆ ಬರತ್ತೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೂರು ತಿಂಗಳಲ್ಲಿ ಹನ್ನೆರಡು ಸೈಕಲ್ ಹೀಗೆ ಮಾಯವಾಗಿ, ವಾರ ಬಿಟ್ಟು ಇನ್ನೆಲ್ಲೋ ಸಿಕ್ಕಿದ್ದವು. ಎಲ್ಲದರ ಬ್ರೇಕ್ ಸರಿಯಾಗಿತ್ತು, ಚಕ್ರದ ಓಲಾಟ ಹೋಗಿತ್ತು. ಎಲ್ಲವೂ ಹಳೇ ಸೈಕಲ್ಲುಗಳೇ. ಸಿಕ್ಕಿದ ಮೇಲೆ ದೂರು ಯಾರಿಗೆ ಬೇಕು? ಠಾಣೆಯಲ್ಲಿ ಅದೊಂದು ನಗೆಚಾಟಿಕೆಯಾಗಿತ್ತು. ಸೋಮವಾರದಿಂದ ಯಾರೂ ನಗಲಿಲ್ಲ.

"ಹನ್ನೆರಡೂ ದೂರು ತೆಗೀರಿ," ಇನ್ಸ್‌ಪೆಕ್ಟರ್ ಅಂದರು. "ಎಲ್ಲಿ ಹೋಯ್ತು, ಎಲ್ಲಿ ಸಿಕ್ತು, ನಕ್ಷೆ ಮೇಲೆ ಕಾಣ್ಬೇಕು. ಯಾರಿಗೆ ಬರತ್ತೆ?"

ಹೆಡ್ಡು ಮೂಲೆಯ ಮೇಜಿನ ಕಡೆ ಗದ್ದ ತೋರಿಸಿದ. "ನಮ್ಮ ನಕ್ಷೆ ಮೇಡಂ ಇದ್ದಾರಲ್ಲ ಸರ್."

ಮೂಲೆಯಲ್ಲಿದ್ದವಳು 262ನೇ ನಂಬರಿನ ಕಾನ್‌ಸ್ಟೆಬಲ್. ಬಟ್ಟೆ ಹೊಲಿದು ಸಾಕಿದ ತಾಯಿಯ ಒಬ್ಬಳೇ ಮಗಳು. ಇಲಾಖೆಯವರು ಕಳಿಸಿದ ಹದಿನೈದು ದಿನದ ತರಬೇತಿಯಲ್ಲಿ ನಕ್ಷೆಯ ಸಾಫ್ಟ್‌ವೇರ್ ಕಲಿತು ಬಂದಿದ್ದಳು. ಬಂದು ಎರಡು ವರ್ಷವಾದರೂ ಬಂದೋಬಸ್ತಿಗೆ ಯಾವ ರಸ್ತೆ ಮುಚ್ಚಬೇಕೆಂದು ಬಣ್ಣ ಬಳಿದುಕೊಟ್ಟದ್ದು ಬಿಟ್ಟರೆ ಯಾರೂ ಅವಳಿಂದ ಏನೂ ಕೇಳಿರಲಿಲ್ಲ. ಆದ್ದರಿಂದ ಇನ್ಸ್‌ಪೆಕ್ಟರ್ ಕೇಳಿದ ಕೂಡಲೇ ಅವಳಿಗೆ ಕೂತಲ್ಲೇ ಒಂದು ಗೇಣು ಎತ್ತರವಾದ ಹಾಗಾಯಿತು.

ಎರಡು ಪಟ್ಟಿ ಮಾಡಿದಳು. ಒಂದರಲ್ಲಿ ಜಾಗಗಳು, ಇನ್ನೊಂದರಲ್ಲಿ ಯಾವ ಸೈಕಲ್ ಯಾವ ಜಾಗದಿಂದ ಯಾವ ಜಾಗಕ್ಕೆ ಹೋಯಿತು ಎಂಬ ನಂಟು. ದೂರಿನಲ್ಲಿದ್ದ ವಿಳಾಸಗಳನ್ನು ಇದ್ದ ಹಾಗೇ ಸಾಫ್ಟ್‌ವೇರಿಗೆ ಕೊಟ್ಟಳು. ಅದು ಜಾಗಕ್ಕೊಂದು ಚುಕ್ಕಿ ಇಟ್ಟು, ಸೈಕಲ್ಲಿಗೊಂದು ಬಾಣದ ಗೆರೆ ಎಳೆಯಿತು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ನಕ್ಷೆ ಗೋಡೆಯ ಮೇಲೆ ಬಂತು. ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಹನ್ನೆರಡು ಬಾಣಗಳಲ್ಲಿ ಏಳರ ತುದಿ ಒಂದೇ ಚುಕ್ಕಿಗೆ ಬಂದು ಸೇರಿ ಗಂಟು ಕಟ್ಟಿಕೊಂಡಿತ್ತು. ಊರಿನ ನಟ್ಟನಡುವಿನ ಗಡಿಯಾರ ಕಂಬ. ಕಂಬದ ಬುಡದಲ್ಲಿ ಇರುವುದು ಒಂದೇ ಸೈಕಲ್ ಅಂಗಡಿ.

"ಪಂಚರ್ ಅಕ್ಕ!" ಹೆಡ್ಡು ತೊಡೆ ತಟ್ಟಿದ. "ಕದಿಯೋದು, ರಿಪೇರಿ ಮಾಡೋದು, ಹೆಸರು ಮಾಡ್ಕೊಳ್ಳೋದು!"

ಇನ್ಸ್‌ಪೆಕ್ಟರ್ ನಕ್ಷೆಯ ಪ್ರತಿಯನ್ನು ಮೇಲಿನ ಸಾಹೇಬರಿಗೆ ಕಳಿಸಿದರು. ಕೆಳಗೆ 'ತಯಾರಿಸಿದವರು: 262' ಎಂದು ಅವಳೇ ದುಂಡಗೆ ಬರೆದಿದ್ದಳು. ಸಾಹೇಬರಿಂದ ಫೋನ್ ಬಂತು: ಗುರುವಾರ ಸಂಜೆ ಐದರೊಳಗೆ ದಸ್ತಗಿರಿ ಆಗಲಿ.

ಬುಧವಾರ ಬೆಳಿಗ್ಗೆ 11.00, ವಿಚಾರಣೆ. ಪಂಚರ್ ಅಕ್ಕ ಗ್ರೀಸು ಮೆತ್ತಿದ ಕೈಯನ್ನು ಸೆರಗಿಗೆ ಒರೆಸದೆ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕೂತಳು.

"ಈ ಸೈಕಲ್ ರಿಪೇರಿ ಮಾಡಿದ್ದು ಯಾರು?" ಸಿಕ್ಕಿದ್ದ ಸೈಕಲ್ಲೊಂದನ್ನು ಎದುರಿಗೆ ತರಿಸಿದ್ದರು.

"ನಾನಲ್ಲ ಸ್ವಾಮಿ."

"ಅದು ಹೇಗೆ ಹೇಳ್ತೀಯಾ?"

"ನಾನು ತಟ್ಟಿದ ರೊಟ್ಟಿ ನನಗೆ ಗೊತ್ತಾಗಲ್ವಾ? ಬ್ರೇಕ್ ವೈರಿನ ತುದಿ ನೋಡಿ. ಬಿಚ್ಚಿಕೊಳ್ಳದ ಹಾಗೆ ನಾನು ಮುಚ್ಚಳ ಹಾಕ್ತೀನಿ. ಇಲ್ಲಿ ಬೆಸುಗೆ ಹಾಕಿದ್ದಾರೆ, ಸಾಸಿವೆ ಕಾಳಷ್ಟೇ." ಅವಳು ಬಗ್ಗಿ ಮತ್ತೊಮ್ಮೆ ನೋಡಿದಳು. "ಇಷ್ಟು ನಾಜೂಕು ನನ್ನ ಕೈಯಲ್ಲಿ ಇದ್ದಿದ್ರೆ ನಾನು ಕಂಬದ ಕೆಳಗೆ ಯಾಕೆ ಕೂತಿರ್ತಿದ್ದೆ?"

"ನಾಳೆ ನಾಲ್ಕಕ್ಕೆ ಬಾ. ಊರು ಬಿಡಬೇಡ."

ಬಾಗಿಲ ಹತ್ತಿರ ಅವಳು ಕಾನ್‌ಸ್ಟೆಬಲ್ಲಿನ ಕಡೆ ತಿರುಗಿದಳು. "ಗೆರೆ ಎಳೆದವಳು ನೀನೇನಮ್ಮಾ? ಬೆಳಿಗ್ಗೆಯಿಂದ ಒಬ್ಬ ಗಿರಾಕಿ ಬಂದಿಲ್ಲ. ಹತ್ತೊಂಬತ್ತು ವರ್ಷದ ಅಂಗಡಿ." ಅಷ್ಟೇ ಹೇಳಿ ಹೋದಳು.

ಸಂಜೆ ಮನೆಯಲ್ಲಿ ಕಾನ್‌ಸ್ಟೆಬಲ್ ಊಟದ ತಟ್ಟೆ ಸರಿಸಿ, ಸಮವಸ್ತ್ರ ತಂದು ತಾಯಿಯ ಮುಂದಿಟ್ಟಳು. ತೋಳಿನ ಗುಂಡಿ ಕಿತ್ತುಹೋಗಿತ್ತು. ತಾಯಿ ಹೊಲಿಗೆ ಯಂತ್ರದ ಪಕ್ಕದ ತಗಡಿನ ಡಬ್ಬಿಯನ್ನು ಗಲಗಲನೆ ಚಾಪೆಗೆ ಸುರಿದು ಜೋಡಿ ಹುಡುಕತೊಡಗಿದಳು.

"ಎಷ್ಟೊಂದು ಗುಂಡಿ ಅಮ್ಮಾ! ಎಲ್ಲಾ ಯಾವ ಬಟ್ಟೆದು?"

"ಗೊತ್ತಿದ್ರೆ ಬಟ್ಟೆಗೇ ಹಾಕ್ತಿರ್ಲಿಲ್ವೇನೇ? ಯಾವುದ್ರದ್ದು ಅಂತ ಗೊತ್ತಿಲ್ಲದ್ದೆಲ್ಲಾ ಈ ಡಬ್ಬಿಗೇ. ಡಬ್ಬಿ ತುಂಬಿದೆ ಅಂದ್ರೆ ಡಬ್ಬಿದು ಅಂತಲ್ಲ."

ಮಗಳು ತಟ್ಟನೆ ಎದ್ದು ನಿಂತಳು. ಗುಂಡಿಗಳು ಚಾಪೆ ದಾಟಿ ಉರುಳಿದವು.

ಗುರುವಾರ ಬೆಳಿಗ್ಗೆ ಏಳಕ್ಕೇ ಅವಳು ಠಾಣೆಯಲ್ಲಿದ್ದಳು. ಪಟ್ಟಿಯ ಕೊನೆಯಲ್ಲಿ, ವಿಳಾಸ ಎಷ್ಟರ ಮಟ್ಟಿಗೆ ಹೊಂದಿಕೆಯಾಯಿತು ಎಂದು ಸಾಫ್ಟ್‌ವೇರ್ ತಾನಾಗಿಯೇ ಬರೆದಿಡುವ ಒಂದು ಅಂಕಣವಿತ್ತು. ಮಂಗಳವಾರದ ಹುಮ್ಮಸ್ಸಿನಲ್ಲಿ ಅದನ್ನು ನೋಡಿಯೇ ಇರಲಿಲ್ಲ. ಕೆಲವಕ್ಕೆ 'ಮನೆ' ಎಂದಿತ್ತು, ಕೆಲವಕ್ಕೆ 'ರಸ್ತೆ'. ಗಂಟಿನಲ್ಲಿದ್ದ ಏಳಕ್ಕೂ 'ಊರು' ಎಂದಷ್ಟೇ ಇತ್ತು. 'ಹಳೇ ಗೋದಾಮಿನ ಹಿಂದೆ', 'ನೀರಿನ ಟ್ಯಾಂಕಿನ ಮಗ್ಗುಲಲ್ಲಿ' ಎಂದರೆ ಯಂತ್ರಕ್ಕೆ ಏನು ತಿಳಿಯಬೇಕು? ಅರ್ಥವಾಗದ್ದನ್ನೆಲ್ಲ ಊರಿನ ನಡುಮಧ್ಯಕ್ಕೆ ಹಾಕಿತ್ತು. ಗಡಿಯಾರ ಕಂಬವೇ ಅದರ ಗುಂಡಿ ಡಬ್ಬಿ.

ಇನ್ಸ್‌ಪೆಕ್ಟರ್ ಎಂಟೂವರೆಗೆ ಬಂದರು. ಅವಳು ಸೆಲ್ಯೂಟ್ ಹೊಡೆದು ಒಂದೇ ಉಸಿರಿಗೆ ಹೇಳಿದಳು. "ಸರ್, ನಕ್ಷೆ ತಪ್ಪು. ಗಂಟು ಕಳ್ಳನದ್ದಲ್ಲ, ನನ್ನದು."

ಅವರು ಟೋಪಿ ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು. "ಸಾಹೇಬ್ರಿಗೆ ಯಾರು ಹೇಳ್ತಾರೆ?"

"ನಾನೇ ಹೇಳ್ತೀನಿ ಸರ್. ಅದರ ಮೇಲೆ ನನ್ನ ನಂಬರಿದೆ."

ಇನ್ಸ್‌ಪೆಕ್ಟರ್ ಫೋನನ್ನು ಅವಳ ಕಡೆ ಸರಿಸಿದರು. ಅವಳು ಹೇಳಿದಳು, ಆ ಕಡೆಯಿಂದ ಬಂದ ಬೈಗುಳವನ್ನು ನೆಟ್ಟಗೆ ನಿಂತು ಕೇಳಿದಳು. ಕೊನೆಗೆ ಇನ್ನೊಂದು ದಿನದ ಗಡುವು ಸಿಕ್ಕಿತು.

"ಬಾರಮ್ಮಾ, ಗಾಡಿ ತೆಗೀತೀನಿ," ಹೆಡ್ಡು ಅಂದ. "ಅಂಗಳ ನಾನು ತೋರಿಸ್ತೀನಿ, ರಂಗೋಲಿ ಚುಕ್ಕಿ ನೀನಿಡು."

ಏಳೂ ಜಾಗಕ್ಕೆ ಹೋದರು. ಸೈಕಲ್ ಸಿಕ್ಕಿದ ಗೋಡೆಗೇ ಬೆನ್ನು ಕೊಟ್ಟು ನಿಂತು, ಫೋನಿನಲ್ಲಿ ಜಾಗವನ್ನು ಗುರುತು ಮಾಡಿಕೊಂಡಳು. ಹನ್ನೆರಡನೆಯ ಸೈಕಲ್ ಸಿಕ್ಕಿದ್ದು ಟ್ಯಾಂಕಿನ ಮಗ್ಗುಲ ಗೋಡೆಯಲ್ಲಿ. ಅಲ್ಲಿಂದ ಎರಡೇ ಮನೆಯಾಚೆ ಒಂದು ಹಸಿರು ಗೇಟು.

"ಹೆಡ್ ಸರ್, ನರ್ಸಮ್ಮನ ಸೈಕಲ್ ಹೋಗಿದ್ದು ಇದೇ ಗೇಟಿನ ಹತ್ತಿರ ಅಲ್ವಾ?"

ಹೆಡ್ಡಿನ ಕೈ ಮೀಸೆಯ ಮೇಲೇ ನಿಂತಿತು.

ಮಧ್ಯಾಹ್ನ 2.15ಕ್ಕೆ ಎರಡನೆಯ ನಕ್ಷೆ. ಗಡಿಯಾರ ಕಂಬದಲ್ಲಿ ಈಗ ಒಂದು ಚುಕ್ಕಿಯೂ ಇರಲಿಲ್ಲ. ತಾರೀಖಿನ ಪ್ರಕಾರ ಗೆರೆಗಳನ್ನು ಒಂದೊಂದಾಗಿ ಮೂಡಿಸುತ್ತ ಹೋದಳು. ಮೊದಲನೆಯ ಬಾಣದ ತುದಿಯಿಂದ ಎರಡನೆಯದು ಹೊರಟಿತು, ಎರಡನೆಯದರ ತುದಿಯಿಂದ ಮೂರನೆಯದು. ಹನ್ನೆರಡೂ ಬಿಡಿಯಾಗಿರಲಿಲ್ಲ, ಒಂದೇ ದಾರ.

"ಸೈಕಲ್ ಬಿಟ್ಟುಹೋಗೋಕೆ ಬಂದವನು ವಾಪಸ್ ಹೋಗಬೇಕಲ್ಲ ಸರ್. ಅಲ್ಲೇ ಇನ್ನೊಂದು ಹತ್ತಿಕೊಂಡು ಹೋಗಿದ್ದಾನೆ."

"ಹೋಗಿದ್ದು ಎಲ್ಲಿಗೆ?"

ಅವಳು ದಾರದ ಸುತ್ತಿನ ಮಧ್ಯೆ ಬೆರಳಿಟ್ಟಳು. ಚುಕ್ಕಿಗಳೆಲ್ಲ ಆ ಜಾಗದ ಸುತ್ತಲೂ ಇದ್ದವು, ಒಳಗೆ ಒಂದೂ ಇರಲಿಲ್ಲ. "ಮನೆಯೆಲ್ಲ ಗುಡಿಸಿ, ತಾನು ಕೂತ ಚಾಪೆಯಷ್ಟು ಬಿಟ್ಟ ಹಾಗಿದೆ ಸರ್. ಮುಚ್ಚಿಹೋದ ಸೈಕಲ್ ಕಾರ್ಖಾನೆಯ ಹಳೇ ಕ್ವಾರ್ಟರ್ಸು. ಮೂರೇ ಬೀದಿ."

ಶುಕ್ರವಾರ ಬೆಳಿಗ್ಗೆ 7.10. ಕ್ವಾರ್ಟರ್ಸಿನ ಮೊದಲ ಬೀದಿಯ ದಿನಸಿ ಅಂಗಡಿಯಲ್ಲಿ ಹೆಡ್ಡು ಬೆಂಕಿಪೊಟ್ಟಣ ಕೊಳ್ಳುವ ನೆಪದಲ್ಲಿ ವಿಚಾರಿಸಿದ. "ಬಕೆಟ್ ತೂತಾಗಿದೆ. ಇಲ್ಲಿ ಬೆಸುಗೆ ಹಾಕೋರು ಯಾರಾದ್ರೂ ಇದ್ದಾರಾ?"

"ಚೆಕಿಂಗ್ ಅಜ್ಜ ಇದ್ದಾರಲ್ಲ. ಎರಡನೇ ಬೀದಿ, ಕೊನೇ ಮನೆ. ಬೈದು ಹಾಕಿಕೊಡ್ತಾರೆ."

ಕೊನೇ ಮನೆಯ ಹಿತ್ತಿಲಿನ ತಗಡಿನ ಶೆಡ್ಡು. ನರ್ಸಮ್ಮನ ಸೈಕಲ್ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ನಿಂತಿತ್ತು. ಅದರ ಹಿಂದಿನ ಚಕ್ರವನ್ನು ತಿರುಗಿಸಿ, ಕಡ್ಡಿಗಳನ್ನು ಬಿಗಿ ಮಾಡುತ್ತಿದ್ದ ಎಪ್ಪತ್ತು ದಾಟಿದ ಮುದುಕ ಬೂಟಿನ ಸದ್ದಿಗೆ ತಲೆ ಎತ್ತಲಿಲ್ಲ.

"ಒಂದು ನಿಮಿಷ. ಓಲಾಡ್ತಿದೆ."

"ಇದು ಯಾರ ಸೈಕಲ್?" ಇನ್ಸ್‌ಪೆಕ್ಟರ್ ಕೇಳಿದರು.

"ಯಾರದೋ. ಆದ್ರೆ ನನ್ನದು."

ಪಂಚನಾಮೆಗೆ ಇಬ್ಬರು ಪಂಚರು ಬೇಕಿತ್ತು. ಒಬ್ಬ ದಿನಸಿಯವನು. ಇನ್ನೊಬ್ಬರು ಕಸುಬು ಬಲ್ಲವರೇ ಆಗಲಿ ಎಂದು ಇನ್ಸ್‌ಪೆಕ್ಟರ್ ಹೇಳಿಕಳಿಸಿದರು. ಬಂದವಳನ್ನು ನೋಡಿ ಹೆಡ್ಡಿಗೆ ತಡೆಯಲಾಗಲಿಲ್ಲ. "ಪಂಚರ್ ಅಕ್ಕನೇ ಪಂಚರು!"

"ನಿನ್ನ ನಾಲಿಗೆಗೊಂದು ಪ್ಯಾಚ್ ಹಾಕ್ಬೇಕು," ಅವಳು ಅಂದಳು. ಬ್ರೇಕ್ ವೈರಿನ ತುದಿಯನ್ನು ಬೆರಳಲ್ಲಿ ಸವರಿ ಮುದುಕನ ಕಡೆ ನೋಡಿದಳು. "ಇದೇ ಕೈ ಸ್ವಾಮಿ. ಕೈ ಅಂದ್ರೆ ಇದು." ಆಮೇಲೆ ಕಾನ್‌ಸ್ಟೆಬಲ್ಲಿನ ಕಡೆ ತಿರುಗಿ, "ಗೆರೆ ಬಿಚ್ಚಿದವಳೂ ನೀನೇ ಅಂತೆ," ಎಂದಳು. ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು.

"ಯಾಕೆ ತಗೊಂಡ್ರಿ ಅಜ್ಜ?" ಕಾನ್‌ಸ್ಟೆಬಲ್ ಕೇಳಿದಳು.

ಅವನು ಚಿಂದಿ ಬಟ್ಟೆಯಿಂದ ಸೈಕಲ್ಲಿನ ತಳವನ್ನು ಒರೆಸಿದ. ಪೆಡಲಿನ ಕೊಳವೆಯ ಅಡಿಯಲ್ಲಿ, ಬಗ್ಗಿ ನೋಡಿದರಷ್ಟೇ ಕಾಣುವ ಹಾಗೆ, ಉಕ್ಕಿನಲ್ಲಿ ಒತ್ತಿದ ಅಂಕಿ: 17.

"ಮೂವತ್ತೊಂದು ವರ್ಷ ಕೊನೇ ಚೆಕಿಂಗ್ ನನ್ನದೇ ತಾಯಿ. ನಾನು ಈ ಮುದ್ರೆ ಒತ್ತದೆ ಸೈಕಲ್ ಗೇಟ್ ದಾಟ್ತಿರ್ಲಿಲ್ಲ. ಹೋದ ವರ್ಷ ನಮ್ಮ ಬೀದೀಲಿ ಒಂದು ಮಗು ಬ್ರೇಕ್ ಹಿಡೀದೆ ಬಿದ್ದು ಕೈ ಮುರ್ಕೊಂಡ್ತು. ಸೈಕಲ್ ಎತ್ತಿ ನೋಡಿದೆ. ಹದಿನೇಳು. ಆಮೇಲೆ ದಾರೀಲಿ ಹೋಗೋವಾಗೆಲ್ಲಾ ಬಗ್ಗಿ ನೋಡ್ತಿದ್ದೆ."

"ಕೇಳಿ ಮಾಡಬಹುದಿತ್ತಲ್ಲ?"

"ಕೇಳಿದೆ. ಮುದುಕನಿಗೆ ತಲೆ ಕೆಟ್ಟಿದೆ ಅಂದ್ರು." ಅವನ ಬೆನ್ನು ನೆಟ್ಟಗಾಯಿತು. "ನನ್ನ ಕೆಲಸ ನಾನು ಸರಿಮಾಡೋಕೆ ಎಷ್ಟು ಮನೆ ಬಾಗಿಲಲ್ಲಿ ಬೇಡ್ಕೊಳ್ಲಿ?"

ಇನ್ಸ್‌ಪೆಕ್ಟರ್ ಆಗ ಅಜ್ಜಿಯ ವಿಷಯ ಹೇಳಿದರು. ಕಾದು ಕೂತಿದ್ದು, ಬಿದ್ದದ್ದು, ಸೊಂಟದ ಮೂಳೆ. ಮುದುಕ ಸ್ಟ್ಯಾಂಡ್ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತ. ಕೈ ಚಾಚಿ ಚಕ್ರವನ್ನು ಒಮ್ಮೆ ತಿರುಗಿಸಿದ. ಅದು ಈಗ ಒಂದಿಷ್ಟೂ ಓಲಾಡುತ್ತಿರಲಿಲ್ಲ.

"ಹಾಗಾದ್ರೆ ಅದ್ರ ಮೇಲೂ ನನ್ನ ನಂಬರೇ ಬಿತ್ತು," ಅಂದ. ತಾನಾಗಿಯೇ ಎದ್ದು ಚಪ್ಪಲಿ ಮೆಟ್ಟಿಕೊಂಡ.

8.50ಕ್ಕೆ ದಸ್ತಗಿರಿ ದಾಖಲಾಯಿತು. ಜೀಪಿನಲ್ಲಿ ಅವನು ಕೇಳಿದ್ದು ಒಂದೇ ಮಾತು: ಅಜ್ಜಿ ಯಾವ ಆಸ್ಪತ್ರೆಯಲ್ಲಿದೆ?

ಮಧ್ಯಾಹ್ನ ಕಡತ ಸಿದ್ಧಪಡಿಸುವಾಗ 'ಉದ್ದೇಶ' ಎಂಬ ಕಡೆ ಇನ್ಸ್‌ಪೆಕ್ಟರ್ ಪೆನ್ನು ನಿಲ್ಲಿಸಿದರು. "ಏನಂತ ಬರೆಯೋದು? ಲಾಭ ಇಲ್ಲ, ದ್ವೇಷ ಇಲ್ಲ."

ಅವಳು ಸ್ವಲ್ಪ ಯೋಚಿಸಿದಳು. "ತಾನು ಸರಿ ಎಂದು ಮುದ್ರೆ ಒತ್ತಿದ್ದು ಸರಿಯಾಗಿಯೇ ಇರಬೇಕೆಂಬ ಹಟ. ಹಾಗೇ ಬರೀರಿ ಸರ್."

ಅವರು ಹಾಗೇ ಬರೆದರು.

ಮೊದಲ ನಕ್ಷೆಯನ್ನು ಹರಿದುಹಾಕಿಬಿಡು ಎಂದು ಹೆಡ್ಡು ಹೇಳಿದ. ಅವಳು ಹರಿಯಲಿಲ್ಲ. ಅದರ ಮೇಲೆ ಕೆಂಪು ಅಕ್ಷರದಲ್ಲಿ 'ತಪ್ಪು' ಎಂದು ಬರೆದು ಕಡತಕ್ಕೆ ಸೇರಿಸಿದಳು. ಆಮೇಲೆ ಎರಡನೆಯದನ್ನು ತೆರೆದು ಮುದುಕನ ಮನೆಯ ವಿಳಾಸ ಹಾಕಿದಳು. 'ಎರಡನೇ ಬೀದಿ, ಕೊನೇ ಮನೆ' ಎಂದರೆ ಸಾಫ್ಟ್‌ವೇರಿಗೆ ಅರ್ಥವಾಗಲಿಲ್ಲ; ಚುಕ್ಕಿಯನ್ನು ಒಯ್ದು ಗಡಿಯಾರ ಕಂಬದಲ್ಲಿಟ್ಟಿತು. ಅವಳು ನಕ್ಕು, ಅದನ್ನು ಹಿಡಿದು ಮೆಲ್ಲಗೆ ಎಳೆದು ತಂದು ದಾರದ ಸುತ್ತಿನ ನಡುವೆ, ತಗಡಿನ ಶೆಡ್ಡಿನ ಮೇಲೆ ಬಿಟ್ಟಳು.

"ಮುಗೀತಾ ನಕ್ಷೆ ಮೇಡಂ?" ಹೆಡ್ಡು ಬಾಗಿಲಲ್ಲಿ ನಿಂತು ಕೇಳಿದ. ಈ ಸಲ ಮಾತಿನಲ್ಲಿ ಕೀಟಲೆ ಇರಲಿಲ್ಲ.

"ಒಂದು ನಿಮಿಷ ಸರ್."

ಪಟ್ಟಿಯ ಕೊನೆಯ ಅಂಕಣವನ್ನು ಮೇಲಿಂದ ಕೆಳಗಿನ ತನಕ ಮತ್ತೊಮ್ಮೆ ಓದಿದಳು. ಓದಿ ಮುಗಿದ ಮೇಲೆಯೇ, ನಕ್ಷೆಯ ಕೆಳಗೆ, ದುಂಡಗೆ ತನ್ನ ನಂಬರು ಬರೆದಳು.