ಕಾಣೆಯಾದ ವ್ಯೂ, ಕಣ್ಣೆದುರಿನ ಅವನು

"ಈರೇಶ್ ಅಂದ್ರೆ ಯಾರ್ರೀ ಇಲ್ಲಿ?"

ಮೊಳಕಾಲ್ಮೂರಿನ ಕುರಿ ಸಂಘದ ಕಚೇರಿ ಬಾಗಿಲಲ್ಲೇ ನಿಂತು ಶಿಲ್ಪ ಕೇಳಿದ ರಭಸಕ್ಕೆ ಒಳಗಿದ್ದವರೆಲ್ಲ ತಲೆಯೆತ್ತಿದರು.

ಕಂಪ್ಯೂಟರ್ ಮುಂದಿದ್ದವನು ಎದ್ದು ನಿಂತ. "ನಾನೇ... ನೀವು ಶಿಲ್ಪ ಅಲ್ವಾ?"

ಅದೇ ದನಿ! ಫೋನಿನಲ್ಲಿ ಕೇಳಿ ಕೇಳಿ ಮನಸ್ಸಿನಲ್ಲಿ ಮನೆ ಮಾಡಿದ್ದ ದನಿ. ಎಂದಾದರೂ ಎದುರಾದರೆ ಹೇಗೆ ನಗಬೇಕೆಂದು ಕೂಡ ಅವಳು ಯೋಚಿಸಿದ್ದಳು. ಆದರೆ ಇವತ್ತು ನಗುವ ದಿನವಾಗಿರಲಿಲ್ಲ.

ಕುರಿ ಸಾಕುವವರ ಸಂಘಕ್ಕೆ ಚಳ್ಳಕೆರೆಯಲ್ಲಿ ಕೂತು ಸಾಫ್ಟ್‌ವೇರ್ ಬರೆದವಳು ಶಿಲ್ಪ. ಅದರ ಸರ್ವರ್ ನೋಡಿಕೊಳ್ಳುವವನು ಈರೇಶ್. ನಿನ್ನೆ ಅವನು ಎಲ್ಲವನ್ನೂ ಹೊಸ ಸರ್ವರ್‌ಗೆ ಸಾಗಿಸಿದ್ದ. ಬೆಳಗಿನಿಂದ ಪರದೆಯ ಮೇಲೆ ಒಂದೇ ಮಾತು: 'ವ್ಯೂ ಸಿಗುತ್ತಿಲ್ಲ.'

ಯಾವ ಮಂದೆಗೆ ಲಸಿಕೆ ಆಗಿದೆ, ಯಾವುದಕ್ಕಿಲ್ಲ ಎಂದು ಅಲ್ಲಲ್ಲಿನ ಮಾಹಿತಿ ಒಟ್ಟುಗೂಡಿಸಿ ತೋರಿಸುವ ಕಿಟಕಿ ಆ ವ್ಯೂ. ಪಕ್ಕದ ಸಿದ್ದಾಪುರದ ಕಡೆ ಕುರಿಗಳಿಗೆ ರೋಗ ಹಬ್ಬುತ್ತಿತ್ತು. ಇದ್ದ ಲಸಿಕೆಯೋ ಕಡಿಮೆ. ಮೊದಲು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಲಸಿಕೆಯ ಗಾಡಿ ಹೊರಗೇ ನಿಂತಿತ್ತು.

"ಸಾಗಿಸುವಾಗ ನೀವೇ ಅಳಿಸಿದೀರ!"

"ನಾನೇನೂ ಅಳಿಸಿಲ್ಲ. ಬನ್ನಿ, ಕೂತು ನೋಡಾಣ."

"ನಿಮಗಿದು ಬರೀ ಕೆಲಸ! ಕುರಿ ಸತ್ರೆ ಅಳೋರು ನಮ್ಮವ್ವನಂಥೋರು!"

ಅವನ ಮುಖ ಕಪ್ಪಿಟ್ಟಿತು. ಮೂಲೆಯ ಬೆಂಚಿನಿಂದ ಹಿರಿಯ ಹೆಂಗಸೊಬ್ಬಳು ಮೆಲ್ಲಗೆ ಹೇಳಿದಳು:

"ಅವ್ನು ನನ್ ಮಗ ಕಣವ್ವ. ಸಿದ್ದಾಪುರದಾಗೆ ನಮ್ ಮಂದೇನೂ ಐತೆ. ಅದ್ಕೂ ಸೂಜಿ ಹಾಕ್ಸಿಲ್ಲ."

ಅವಳು ಪಾತಮ್ಮ. ಶಿಲ್ಪ ಅವಳತ್ತ ತಿರುಗಿದಳು. ಅಯ್ಯೋ, ಎಂಥ ಮಾತಾಡಿಬಿಟ್ಟೆ!

ಆದರೆ ಅಳುತ್ತ ಕೂರುವ ಹೊತ್ತಲ್ಲ ಅದು. ಕುರ್ಚಿ ಎಳೆದುಕೊಂಡಳು. 'ಇದನ್ನ ಬಗೆಹರಿಸದೆ ಏಳಲ್ಲ.'

ಹೊಸ ಸರ್ವರ್‌ನಲ್ಲಿ ಮಾಹಿತಿಯೆಲ್ಲ ಸುರಕ್ಷಿತವಾಗಿತ್ತು. ವ್ಯೂ ಮಾತ್ರ ಇರಲಿಲ್ಲ. ಹಳೆಯ ಸರ್ವರ್ ತೆರೆದು ಹುಡುಕಿದಳು. ಅಲ್ಲಿತ್ತು! ಆದರೆ ಸಂಘದ ಖಾತೆಯಲ್ಲಲ್ಲ... ಅವಳದೇ ಸ್ವಂತ ಲಾಗಿನ್ ಅಡಿಯಲ್ಲಿ. ಹಿಂದೆ ಅವಸರದಲ್ಲಿ ಅವಳೇ ಅಲ್ಲಿ ಬರೆದಿದ್ದಳು. ಈರೇಶ್ ಸಂಘದ ಖಾತೆಯನ್ನಷ್ಟೇ ಸಾಗಿಸಿದ್ದ.

ಸುಮ್ಮನೆ ಸರಿಮಾಡಿದರೆ ಯಾರಿಗೂ ತಿಳಿಯದು...

ಶಿಲ್ಪ ಎದ್ದು ನಿಂತಳು. "ಎಲ್ರೂ ಕೇಳ್ರಿ. ತಪ್ಪು ಈರೇಶ್ ಅವರದಲ್ಲ, ನಂದು."

ಮತ್ತೆ ಕೂತು ವ್ಯೂವನ್ನು ಸಂಘದ ಖಾತೆಯಲ್ಲಿ ಹೊಸದಾಗಿ ಬರೆದಳು. 'ಅನುಮತಿ ಇಲ್ಲ' ಎಂದಿತು ಪರದೆ.

"ಅನುಮತಿ ನಾನು ಕೊಡ್ತೀನಿ, ಇರ್ರಿ," ಎಂದು ಈರೇಶ್ ಪಕ್ಕಕ್ಕೆ ಬಂದ.

ಪರದೆ ತೆರೆದುಕೊಂಡಿತು! ಲಸಿಕೆ ಆಗದ ಮಂದೆಗಳ ಹೆಸರುಗಳು, ಮರಿ ಹೆಚ್ಚಿದ್ದವು ಮೇಲೆ ಬರುವಂತೆ, ಸಾಲುಸಾಲಾಗಿ ಮೂಡಿದವು.

"ಪಟ್ಟಿಯಾಗೆ ನಿಮ್ಮವ್ವನ ಮಂದೆ ಕೆಳಗೈತೆ..." ಶಿಲ್ಪ ತಡವರಿಸಿದಳು.

"ಮರಿ ಜಾಸ್ತಿ ಇರೋ ಕಡೆ ಮೊದಲು ಹೋಗ್ಲಿ. ನಮ್ದು ಆಮೇಲೆ," ಎಂದ ಈರೇಶ್.

ಇಬ್ಬರೂ ಗಾಡಿಯ ಜೊತೆಗೇ ಹೊರಟರು. ಸಂಜೆ, ಉಳಿದಿದ್ದ ಲಸಿಕೆಯಲ್ಲೇ ಪಾತಮ್ಮನ ಕೊನೆಯ ಕುರಿಗೂ ಸೂಜಿ ಬಿತ್ತು. ಬಂಡೆಯ ಮೇಲೆ ಸುಸ್ತಾಗಿ ಕೂತ ಶಿಲ್ಪಳಿಗೆ ಈರೇಶ್ ನೀರಿನ ಚೊಂಬು ಕೊಟ್ಟ.

"ಕ್ಷಮಿಸ್ರಿ," ಎಂದಳು.

"ಎಲ್ಲರ ಮುಂದೆ ಬೈದ್ರಿ, ಎಲ್ಲರ ಮುಂದೇನೇ ಒಪ್ಕೊಂಡ್ರಿ. ಫೋನಿನಾಗೆ ಇಷ್ಟಪಟ್ಟಿದ್ದೆ. ಇವತ್ತು... ಬಾಳಿದ್ರೆ ನಿಮ್ ಜೊತೇನೇ ಅನ್ನಿಸ್ತು."

ಅವಳ ಕಣ್ಣು ತುಂಬಿತು. "ಕೋಪ ಬಂದ್ರೆ ಮತ್ತೆ ಬೈತೀನಿ."

"ಬೈರಿ. ಬಿಟ್ಟು ಮಾತ್ರ ಹೋಗ್ಬೇಡ್ರಿ."

ಶಿಲ್ಪ ಅವನ ಕೈ ಹಿಡಿದಳು.

"ಹೋಗಲ್ಲ ಕಣೋ."